ದುಬಾರಿ ಗಣಕ, ಅಗ್ಗದ ಉತ್ತರ

ಗಣಕ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಪ್ರೊಸೆಸರ್ ಯಾವುದು? ಮೆಮೊರಿ ಎಷ್ಟು? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ‘ಕೆಟ್ಟರೆ ಏನು ಗತಿ?’ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಅದಕ್ಕೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಒಳ್ಳೆ ಕಂಪನಿ ಸಾರ್, ಕೆಡೋದೇ ಇಲ್ಲ.’ ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಬಾಳಿಕೆ, ಹಳೆಯ ಗಿರಾಕಿಯಾದರೆ ಹೆಚ್ಚು ಮರ್ಯಾದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಗೆ ಆಧಾರವಿದೆಯೇ? ಸ್ವಲ್ಪ ವಿಮರ್ಶಿಸಿ ನೋಡೋಣ.

ನೀವು ಅರಕಲಗೂಡಿನ ಒಬ್ಬ ವಿಜ್ಞಾನ ಶಿಕ್ಷಕರು ಎಂದಿಟ್ಟುಕೊಳ್ಳಿ. ಹತ್ತು ವರ್ಷಗಳಿಂದ ಒಂದೇ ಕಂಪನಿಯ ಗಣಕ ಬಳಸುತ್ತಿದ್ದೀರಿ. ಶಾಲೆಗೆ ಸಲಹೆ ಮಾಡಿದ್ದೂ ಅದನ್ನೇ. ಈ ಬಾರಿ ಎರಡು ತಿಂಗಳ ಸಂಬಳ ಕೂಡಿಸಿ ಅದೇ ಕಂಪನಿಯ ದುಬಾರಿ ಲ್ಯಾಪ್‌ಟಾಪ್ ತಂದಿರಿ. ಎಂಟನೆಯ ತಿಂಗಳಲ್ಲಿ ಪರದೆ ಕಪ್ಪಾಯಿತು. ಕಂಪನಿಗೆ ಫೋನು ಮಾಡಿದಾಗ ಬಂದ ಮೊದಲ ಸಲಹೆ ‘ಆಫ್ ಮಾಡಿ ಆನ್ ಮಾಡಿ’. ಎರಡನೆಯದು ‘ವಿಂಡೋಸ್ ಮತ್ತೆ ಹಾಕಿ’. ಮೂರನೆಯದು ‘ಸೇವಾ ಕೇಂದ್ರಕ್ಕೆ ತನ್ನಿ’. ಹಾಸನಕ್ಕೆ ಒಯ್ದದ್ದು ಅಲ್ಲಿಂದ ಬೆಂಗಳೂರಿಗೆ ಹೋಯಿತು. ಮೂರು ವಾರಗಳ ನಂತರ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಡನೆ ಮರಳಿತು. ನಾಲ್ಕನೆಯ ದಿನ ಪರದೆ ಮತ್ತೆ ಕಪ್ಪು! ಪುನಃ ಕರೆ ಮಾಡಿದರೆ ಉತ್ತರ: ‘ಈ ಮಾಡೆಲ್‌ನಲ್ಲಿ ಇಂಥ ಕಂಪ್ಲೇಂಟು ಬೇರೆ ಯಾರದೂ ಬಂದಿಲ್ಲ ಸಾರ್.’

ಈ ಚಿತ್ರ ಕಲ್ಪಿತ. ಆದರೆ ಹೊಳೆನರಸೀಪುರದ ಅಥವಾ ಚನ್ನರಾಯಪಟ್ಟಣದ ಓದುಗರೊಬ್ಬರಿಗೆ ಇದು ತಮ್ಮದೇ ಕಥೆ ಎನ್ನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಗಮನಿಸಬೇಕಾದದ್ದು ಕೊನೆಯ ವಾಕ್ಯ. ‘ಬೇರೆ ಯಾರದೂ ಬಂದಿಲ್ಲ’ ಎಂಬುದು ಮಾರಾಟವಾದ ಎಲ್ಲ ಯಂತ್ರಗಳ ಬಗ್ಗೆ ಮಾಡಿದ ಹೇಳಿಕೆ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಬೇಕಾದ ಅಂಕಿ ಅಂಶ ಕಂಪನಿಯ ಬಳಿ ಮಾತ್ರ ಇದೆ. ನಿಮ್ಮ ಬಳಿ ಇರುವುದು ಒಂದೇ ಒಂದು ಯಂತ್ರ. ಈ ಅಸಮತೆಯೇ ಗ್ರಾಹಕನ ಕಷ್ಟದ ಮೂಲ ಎಂಬುದು ಈ ಲೇಖನದ ವಾದ. ದೋಷವಿಲ್ಲದ ಯಂತ್ರವನ್ನು ಯಾರೂ ತಯಾರಿಸಲಾರರು. ಆದರೆ ಗೊತ್ತಿರುವ ದೋಷವನ್ನು ಒಬ್ಬೊಬ್ಬ ಗ್ರಾಹಕನ ದುರದೃಷ್ಟವೆಂಬಂತೆ ತೋರಿಸುವುದು ಬೇರೆಯದೇ ಮಾತು. ಇತಿಹಾಸದಲ್ಲಿ ಇದಕ್ಕೆ ಸಾಕಷ್ಟು ನಿದರ್ಶನಗಳಿವೆ.

ಒಂದು ಭಾಗಾಕಾರದ ಕಥೆ

1994ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದರು. ಇಂಟೆಲ್ ಕಂಪನಿಯ ಹೊಸ ಪೆಂಟಿಯಂ ಪ್ರೊಸೆಸರ್ ಇದ್ದ ಗಣಕದಲ್ಲಿ ಉತ್ತರ ತಾಳೆಯಾಗಲಿಲ್ಲ. ಅವರು ದುಡುಕಲಿಲ್ಲ. ತಮ್ಮ ಪ್ರೋಗ್ರಾಮ್, ಕಂಪೈಲರ್, ಮದರ್‌ಬೋರ್ಡ್ ಎಂದು ಒಂದೊಂದನ್ನೇ ಪರೀಕ್ಷಿಸಿ ಬದಿಗಿಡುತ್ತ ಹೋದರು. ತಿಂಗಳುಗಳ ನಂತರ ಉಳಿದ ಆರೋಪಿ ಪ್ರೊಸೆಸರ್ ಒಂದೇ!

ದೋಷ ಏನೆಂದು ನೀವೂ ಲೆಕ್ಕ ಹಾಕಿ ನೋಡಬಹುದು. 4195835 ಅನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು. ದೋಷಯುಕ್ತ ಪೆಂಟಿಯಂ ಕೊಟ್ಟದ್ದು 1.33373. ಬಂದ ಭಾಗಲಬ್ಧವನ್ನು ಮತ್ತೆ 3145727ರಿಂದ ಗುಣಿಸಿ ಮೂಲ ಸಂಖ್ಯೆಯಿಂದ ಕಳೆದರೆ ಸೊನ್ನೆ ಉಳಿಯಬೇಕಷ್ಟೆ. ಆ ಪ್ರೊಸೆಸರ್‌ನಲ್ಲಿ 256 ಉಳಿಯುತ್ತಿತ್ತು. ಭಾಗಾಕಾರಕ್ಕೆಂದು ಚಿಪ್‌ನೊಳಗೆ ಅಳವಡಿಸಿದ್ದ ಕೋಷ್ಟಕದಲ್ಲಿ ಕೆಲವು ಅಂಕಿಗಳು ಬಿಟ್ಟುಹೋಗಿದ್ದದ್ದೇ ಇದಕ್ಕೆ ಕಾರಣ.

ಇಂಟೆಲ್‌ನ ಪರೀಕ್ಷಕರಿಗೆ ಈ ದೋಷ ಅದೇ ವರ್ಷ, ನೈಸ್ಲಿಯವರ ದೂರು ಬರುವ ಮೊದಲೇ, ತಿಳಿದಿತ್ತು. ಆದರೂ ಕಂಪನಿ ಗ್ರಾಹಕರಿಗೆ ಹೇಳಲಿಲ್ಲ. ಸುದ್ದಿ ಹೊರಬಿದ್ದ ಮೇಲೆ, ಸಾಮಾನ್ಯ ಬಳಕೆದಾರನಿಗೆ ಈ ತಪ್ಪು 27,000 ವರ್ಷಕ್ಕೊಮ್ಮೆ ಎದುರಾಗಬಹುದು ಎಂದಿತು. ತಮ್ಮ ಕೆಲಸಕ್ಕೆ ತೊಂದರೆಯಿದೆ ಎಂದು ಮನವರಿಕೆ ಮಾಡಿಕೊಟ್ಟವರಿಗೆ ಮಾತ್ರ ಚಿಪ್ ಬದಲಿಸಿಕೊಡುವುದಾಗಿ ಹೇಳಿತು. ಹಣ ಕೊಟ್ಟವನೇ ದೋಷದ ಹಾನಿಯನ್ನೂ ಸಾಬೀತು ಮಾಡಬೇಕಂತೆ! ಐಬಿಎಂ ಕಂಪನಿ ತನ್ನದೇ ಲೆಕ್ಕ ಹಾಕಿ, ಹೆಚ್ಚು ಲೆಕ್ಕ ಮಾಡುವವರಿಗೆ 24 ದಿನಕ್ಕೊಮ್ಮೆ ತಪ್ಪು ಬರಬಹುದೆಂದು ಪ್ರಕಟಿಸಿ, ಆ ಪ್ರೊಸೆಸರ್ ಇದ್ದ ಗಣಕಗಳ ರವಾನೆಯನ್ನು ನಿಲ್ಲಿಸಿತು. 1994ರ ಡಿಸೆಂಬರ್ 20ರಂದು ಇಂಟೆಲ್ ಕ್ಷಮೆ ಕೋರಿ, ಕೇಳಿದವರಿಗೆಲ್ಲ ಚಿಪ್ ಬದಲಿಸಲು ಒಪ್ಪಿತು. ತಗುಲಿದ ವೆಚ್ಚ 47.5 ಕೋಟಿ ಡಾಲರ್. ಒಬ್ಬ ಗಣಿತ ಮೇಷ್ಟ್ರ ಬಳಿ ಇದ್ದದ್ದು ಜಗಳವಲ್ಲ, ದಾಖಲೆ. ಗೆದ್ದದ್ದು ಅದೇ.

ಊದಿಕೊಂಡ ಕೆಪಾಸಿಟರ್‌ಗಳು

2000ದ ದಶಕದಲ್ಲಿ ಗಣಕ ಬಿಚ್ಚಿದವರಿಗೆ ಒಂದು ದೃಶ್ಯ ನೆನಪಿರಬಹುದು. ಮದರ್‌ಬೋರ್ಡ್ ಮೇಲೆ ಪ್ರೊಸೆಸರ್‌ನ ಸುತ್ತ ಸಾಲಾಗಿ ನಿಂತ ಪುಟ್ಟ ಡಬ್ಬಿಗಳು. ಅವುಗಳ ತಲೆ ಪೂರಿಯಂತೆ ಉಬ್ಬಿ, ಕೆಲವದರಿಂದ ಕಂದು ದ್ರವ ಒಸರಿರುತ್ತಿತ್ತು. ಇವು ಅಲ್ಯುಮಿನಿಯಮ್ ಕೆಪಾಸಿಟರ್‌ಗಳು. ಪ್ರೊಸೆಸರ್‌ಗೆ ಏರಿಳಿತವಿಲ್ಲದ ವೋಲ್ಟೇಜು ಒದಗಿಸುವುದು ಇವುಗಳ ಕೆಲಸ. ಒಳಗೆ ಅಲ್ಯುಮಿನಿಯಮ್ ಹಾಳೆ, ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಮತ್ತು ವಿದ್ಯುದ್ವಿಭಾಜ್ಯ ದ್ರವ. ದ್ರವದಲ್ಲಿ ನೀರಿನಂಶ ಹೆಚ್ಚಿದ್ದು, ಅಲ್ಯುಮಿನಿಯಮನ್ನು ರಕ್ಷಿಸುವ ರಾಸಾಯನಿಕಗಳು ಸರಿಯಾದ ಪ್ರಮಾಣದಲ್ಲಿ ಇಲ್ಲದಿದ್ದರೆ, ನೀರು ಲೋಹದೊಡನೆ ವರ್ತಿಸಿ ಹೈಡ್ರೊಜನ್ ಬಿಡುಗಡೆಯಾಗುತ್ತದೆ. ಒತ್ತಡ ಹೆಚ್ಚಿ ಡಬ್ಬಿ ಊದುತ್ತದೆ, ಬಿರಿಯುತ್ತದೆ. ಪ್ರೌಢಶಾಲೆಯ ರಸಾಯನಶಾಸ್ತ್ರವೇ ಇದು!

ಹಲವು ಕಂಪನಿಗಳ ಗಣಕಗಳು ಹೀಗೆ ಕೆಟ್ಟವು. ಹೆಚ್ಚು ದಾಖಲಾದದ್ದು ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಮಾದರಿಗಳ ಪ್ರಕರಣ. ಇವು ಶಾಲೆ, ಕಾಲೇಜು, ಕಚೇರಿಗಳಿಗೆಂದೇ ಮಾರಾಟವಾಗುತ್ತಿದ್ದವು. ದುರಸ್ತಿಗಾಗಿ ಡೆಲ್ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿರಿಸಿತು. ಗ್ರಾಹಕ ಸಂಸ್ಥೆಯೊಂದು ಹೂಡಿದ ಮೊಕದ್ದಮೆಯ ಕಡತಗಳು ಬಹಿರಂಗವಾದಾಗ, 2010ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವುಗಳ ಸಾರವನ್ನು ಪ್ರಕಟಿಸಿತು. ಅದರ ಪ್ರಕಾರ 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಇಂಥ ಅಪಾಯವಿದ್ದ ಕನಿಷ್ಠ 1 ಕೋಟಿ 18 ಲಕ್ಷ ಗಣಕಗಳು ರವಾನೆಯಾಗಿದ್ದವು. ಸಮಸ್ಯೆಯ ಬಗ್ಗೆ ಗ್ರಾಹಕರು ಕೇಳಿದರೆ ಅನಿಶ್ಚಿತತೆಗೆ ಒತ್ತು ಕೊಟ್ಟು ಮಾತನಾಡಬೇಕೆಂದು ಸಿಬ್ಬಂದಿಗೆ ಸೂಚನೆ ಇತ್ತು.

ಇದರಲ್ಲಿ ಶಿಕ್ಷಕರು ಗಮನಿಸಲೇಬೇಕಾದ ಒಂದು ಪ್ರಸಂಗವಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಗಣಕಗಳು ಒಂದೊಂದಾಗಿ ಕೆಟ್ಟಾಗ ಕಂಪನಿ ಕೊಟ್ಟ ಕಾರಣವೇನು ಗೊತ್ತೆ? ವಿಭಾಗದವರು ಕಠಿಣ ಗಣಿತದ ಲೆಕ್ಕಗಳನ್ನು ಮಾಡಿಸಿ ಯಂತ್ರಗಳಿಗೆ ಅತಿ ಕೆಲಸ ಕೊಟ್ಟರಂತೆ! ಗಣಕ ಇರುವುದೇ ಗಣಿಸಲು. ಕಾರಣ ಕೇಳಿದಾಗ ಬಳಸುವವನ ಕಡೆ ಬೆರಳು ತೋರುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬಿಸಿ, ಬೆಸುಗೆ, ಧೂಳು

2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ತನ್ನ ಕೆಲವು ಗ್ರಾಫಿಕ್ಸ್ ಚಿಪ್‌ಗಳ ಜೋಡಣಾ ಸಾಮಗ್ರಿ ದುರ್ಬಲವಾಗಿದೆ ಎಂದು ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಆಪಲ್ ಗಣಕಗಳಿಗೆ ತೊಂದರೆಯಿಲ್ಲವೆಂದು ಅದು ಆಪಲ್‌ಗೆ ಭರವಸೆ ಕೊಟ್ಟಿತ್ತು. ಆಪಲ್ ತಾನೇ ತನಿಖೆ ನಡೆಸಿ, ಕೆಲವು ಮ್ಯಾಕ್‌ಬುಕ್ ಪ್ರೊ ಯಂತ್ರಗಳಲ್ಲೂ ದೋಷವಿದೆಯೆಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅಂದರೆ ಬಿಡಿಭಾಗದ ತಯಾರಕ ಹೇಳಿದ್ದನ್ನು ದೈತ್ಯ ಕಂಪನಿಯೂ ನಂಬುವಂತಿರಲಿಲ್ಲ!

ಇಂಥ ದೋಷದ ಭೌತವಿಜ್ಞಾನ ಸರಳ. ಸಿಲಿಕಾನ್ ಚಿಪ್ ಕಾದಾಗ ಹಿಗ್ಗುವುದು ಕಡಿಮೆ. ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 3 ಭಾಗ. ಅದು ಕುಳಿತ ಹಲಗೆ ಹಿಗ್ಗುವುದು ಸುಮಾರು 17 ಭಾಗ. ಚಿಪ್‌ನ ಮಧ್ಯದಿಂದ 5 ಮಿ.ಮೀ. ದೂರದಲ್ಲಿರುವ ಬೆಸುಗೆಯ ಮಣಿಯೊಂದನ್ನು ತೆಗೆದುಕೊಳ್ಳಿ. ಯಂತ್ರ 50 ಡಿಗ್ರಿ ಬಿಸಿಯೇರಿದರೆ ಮಣಿಯ ಮೇಲ್ತುದಿಗೂ ಕೆಳತುದಿಗೂ ಸುಮಾರು 3.5 ಮೈಕ್ರೋಮೀಟರ್ ಸರಿತ ಉಂಟಾಗುತ್ತದೆ. ಅಲ್ಪವೇ ಸರಿ, ಆದರೆ ಪ್ರತಿ ಬಾರಿ ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ಮಣಿ ಹೀಗೆ ತೊನೆಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಬಿರುಕು ಬಿಟ್ಟ ಬೆಸುಗೆ ತಣ್ಣಗಿದ್ದಾಗ ಕೂಡಿಕೊಂಡು ಬಿಸಿಯಾದಾಗ ಬಿಟ್ಟುಕೊಳ್ಳಬಹುದು. ಸೇವಾ ಕೇಂದ್ರದಲ್ಲಿ ಹತ್ತು ನಿಮಿಷ ಆನ್ ಮಾಡಿ ‘ದೋಷ ಕಂಡುಬಂದಿಲ್ಲ’ ಎಂದು ಬರೆಯುವುದು ಎಷ್ಟು ಅಸಮರ್ಪಕ ಎಂಬುದು ಈಗ ಸ್ಪಷ್ಟವಾಗುತ್ತದೆ.

ದುಬಾರಿ ಬೆಲೆ ದೋಷಕ್ಕೆ ತಡೆಯಲ್ಲ ಎಂಬುದಕ್ಕೆ ಇನ್ನೆರಡು ಉದಾಹರಣೆ ಸಾಕು. ಆಪಲ್ 2015ರಲ್ಲಿ ತಂದ ತೆಳ್ಳನೆಯ ‘ಚಿಟ್ಟೆ’ ಕೀಲಿಮಣೆಯ ಕೀಲಿಗಳು ಧೂಳಿನ ಕಣ ಸಿಕ್ಕಿದರೆ ಕಚ್ಚಿಕೊಳ್ಳುತ್ತಿದ್ದವು. ಉಚಿತ ದುರಸ್ತಿ ಘೋಷಣೆಯಾದದ್ದು 2018ರ ಜೂನ್‌ನಲ್ಲಿ. 2022ರಲ್ಲಿ ಕಂಪನಿ ಅಮೆರಿಕದ ಏಳು ರಾಜ್ಯಗಳ ಗ್ರಾಹಕರಿಗಾಗಿ 5 ಕೋಟಿ ಡಾಲರ್ ಕೊಡಲು ಒಪ್ಪಿತು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ದುಬಾರಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾದಾಗ, 2024ರ ಆರಂಭದಲ್ಲಿ ಅನುಮಾನ ಹೋದದ್ದು ಮದರ್‌ಬೋರ್ಡ್ ತಯಾರಕರ ಸೆಟ್ಟಿಂಗುಗಳ ಮೇಲೆ. ಜುಲೈ ಹೊತ್ತಿಗೆ, ಪ್ರೊಸೆಸರ್‌ನ ಸೂಕ್ಷ್ಮಸಂಕೇತವೇ ಅತಿ ವೋಲ್ಟೇಜು ಕೇಳುತ್ತಿತ್ತೆಂದು ಇಂಟೆಲ್ ಹೇಳಿತು. ಆಗಸ್ಟ್‌ನಲ್ಲಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಪೆಂಟಿಯಂ ಪ್ರಕರಣ ನಡೆದು ಅದಕ್ಕೆ ಸರಿಯಾಗಿ 30 ವರ್ಷ!

‘ನಿಮ್ಮ ಊರಿನ ಕರೆಂಟು ಸರಿಯಿಲ್ಲ’

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಗ್ರಾಹಕನ ಕಡೆ ಬೆರಳು ತೋರಲು ಇನ್ನೂ ಸುಲಭದ ಕಾರಣವೊಂದಿದೆ: ಕರೆಂಟು. ವೋಲ್ಟೇಜು ಏರಿಳಿತದಿಂದ ಸುಟ್ಟಿದೆ ಎಂದು ಬರೆದುಬಿಟ್ಟರೆ ವಾರಂಟಿ ಅನ್ವಯವಾಗುವುದಿಲ್ಲ.

ಈ ಮಾತು ಪೂರ್ತಿ ಸುಳ್ಳಲ್ಲ, ನ್ಯಾಯವಾಗಿ ನೋಡೋಣ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಹೊಡೆತಕ್ಕೆ ಸಿಕ್ಕಿದ ಗಣಕಗಳಿವೆ. ಅರ್ತಿಂಗ್ ಇಲ್ಲದ ಶಾಲೆಗಳಿವೆ. ಇದ್ದರೂ ಬೇಸಿಗೆಯಲ್ಲಿ ಗುಂಡಿ ಒಣಗಿ ನಿರುಪಯುಕ್ತವಾಗುವುದುಂಟು. ಡೆಸ್ಕ್‌ಟಾಪ್ ಗಣಕದ ಕವಚ ಮುಟ್ಟಿದರೆ ಜುಮ್ಮೆನ್ನುವುದು ಅರ್ತಿಂಗ್ ಸರಿಯಿಲ್ಲ ಎಂಬುದರ ಸೂಚನೆ. ಇವನ್ನು ಸರಿಪಡಿಸಿಕೊಳ್ಳುವ ಹೊಣೆ ನಮ್ಮದೇ.

ಆದರೆ ನಿಮ್ಮ ಲ್ಯಾಪ್‌ಟಾಪಿನ ಅಡಾಪ್ಟರನ್ನು ತಿರುಗಿಸಿ ಅದರ ಮೇಲಿನ ಅಕ್ಷರ ಓದಿ. ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಅಂದರೆ ಸಂಜೆ ಹೊತ್ತು ದೀಪಗಳು ಮಂಕಾಗಿ ವೋಲ್ಟೇಜು 170ಕ್ಕೆ ಇಳಿದರೂ ಅದು ಕಂಪನಿಯೇ ಮುದ್ರಿಸಿದ ಮಿತಿಯೊಳಗೇ ಇದೆ! ಇಳಿದ ವೋಲ್ಟೇಜು ಲ್ಯಾಪ್‌ಟಾಪನ್ನು ಕೆಡಿಸಿತು ಎನ್ನುವವರು ತಮ್ಮ ಅಡಾಪ್ಟರನ್ನೇ ಅನುಮಾನಿಸಿದಂತಾಯಿತು. ಸುಟ್ಟ ಭಾಗ ಯಾವುದು, ಅದು ಹೊರಗಿನ ಆಘಾತದಿಂದ ಸುಟ್ಟದ್ದೆಂದು ಹೇಗೆ ತಿಳಿಯಿತು ಎಂಬುದನ್ನು ಬರವಣಿಗೆಯಲ್ಲಿ ಕೇಳಿ.

ಎರಡನೆಯ ಸ್ಥಳೀಯ ತೊಡಕು ದೂರ. ‘ಮನೆಬಾಗಿಲಿಗೆ ಸೇವೆ’ ಎಂದು ಬರೆದಿರುವ ವಾರಂಟಿಗೆ ಅನೇಕ ವೇಳೆ ಪಿನ್‌ಕೋಡಿನ ಮಿತಿ ಇರುತ್ತದೆ. ಹಾಸನದ 573201ಕ್ಕೆ ಬರುವ ತಂತ್ರಜ್ಞ ಅರಕಲಗೂಡಿನ 573102ಕ್ಕೆ ಬರುತ್ತಾನೆಯೇ? ಚನ್ನರಾಯಪಟ್ಟಣದ 573116, ಹೊಳೆನರಸೀಪುರದ 573211 ಪಟ್ಟಿಯಲ್ಲಿವೆಯೇ? ಹಣ ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಂದೇ ಬೆಲೆ ಕೊಟ್ಟ ಇಬ್ಬರಲ್ಲಿ ಒಬ್ಬನಿಗೆ ಮನೆಬಾಗಿಲ ಸೇವೆ, ಇನ್ನೊಬ್ಬನಿಗೆ ಬಸ್ ಪ್ರಯಾಣ ಎಂಬುದು ಜಾಹೀರಾತಿನಲ್ಲಿ ಕಾಣದ ವ್ಯತ್ಯಾಸ. ಯಂತ್ರದ ವೇಗವನ್ನು ಅಳೆದು ಅಂಕ ಕೊಡುವ ವಿಮರ್ಶಕರೂ ಇದನ್ನು ಅಳೆಯುವುದಿಲ್ಲ.

ಒಂದು ಯಂತ್ರ, ಹತ್ತು ಯಂತ್ರ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ‘ಬೇರೆ ಯಾರದೂ ಬಂದಿಲ್ಲ’ ಎಂಬ ಮಾತನ್ನು ನಾವು ಪರೀಕ್ಷಿಸಬಲ್ಲೆವೇ? ಒಬ್ಬರೇ ಇದ್ದರೆ ಆಗದು. ಕೂಡಿದರೆ ಆದೀತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹತ್ತು ಮಂದಿ ಶಿಕ್ಷಕರು ಒಂದೇ ಮಾದರಿಯ ಲ್ಯಾಪ್‌ಟಾಪ್ ಕೊಂಡಿದ್ದಾರೆ ಎನ್ನಿ. ಒಳ್ಳೆಯ ಯಂತ್ರ ಮೊದಲ ವರ್ಷದಲ್ಲಿ ಕೆಡುವ ಸಂಭವ ನೂರಕ್ಕೆ 5 ಎಂದು ಉದಾರವಾಗಿ ಊಹಿಸೋಣ. ಹತ್ತರಲ್ಲಿ ಒಂದು ಕೆಟ್ಟರೆ ಅಚ್ಚರಿಯಿಲ್ಲ. ನಾಲ್ಕು ಕೆಟ್ಟರೆ? ಪಿಯುಸಿಯ ದ್ವಿಪದ ಸಂಭವನೀಯತೆಯ ಸೂತ್ರ ಹಚ್ಚಿ: ನಾಲ್ಕು ಅಥವಾ ಹೆಚ್ಚು ಯಂತ್ರಗಳು ಬರಿಯ ಆಕಸ್ಮಿಕದಿಂದ ಕೆಡುವ ಸಂಭವ ಸುಮಾರು ಸಾವಿರಕ್ಕೆ ಒಂದು. ಅದೃಷ್ಟ ಸರಿಯಿಲ್ಲ ಎಂದು ಸುಮ್ಮನಾಗುವ ಹಂತವನ್ನು ಇದು ದಾಟಿತು. ಕೆಟ್ಟ ನಾಲ್ಕೂ ಯಂತ್ರಗಳು ನಾಲ್ಕು ಬೇರೆ ಊರುಗಳಲ್ಲಿದ್ದರೆ, ನಾಲ್ಕು ಬೇರೆ ವಿದ್ಯುತ್ ಮಾರ್ಗಗಳಲ್ಲಿದ್ದರೆ, ‘ಕರೆಂಟು ಸರಿಯಿಲ್ಲ’ ಎಂಬ ವಾದವೂ ಸೊರಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಕೆಟ್ಟವರು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ, ಸರಿಯಿರುವವರು ಸುಮ್ಮನಿರುತ್ತಾರೆ. ಕೆಟ್ಟ ಯಂತ್ರಗಳನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಚೆನ್ನಾಗಿ ನಡೆಯುತ್ತಿರುವ ಆರನ್ನೂ ಪಟ್ಟಿಯಲ್ಲಿ ಸೇರಿಸಲೇಬೇಕು. ದೂರುವ ಗುಂಪಿಗೂ ಪರೀಕ್ಷಿಸುವ ಗುಂಪಿಗೂ ಇರುವ ವ್ಯತ್ಯಾಸ ಇದೇ.

ದಾಖಲೆ ಇಡುವುದು ಹೇಗೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಕೆಲಸ ಮಾಡುತ್ತಿದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಯಾವ ಸೇವಾ ಕೇಂದ್ರಕ್ಕೂ ಒಯ್ಯಲಾಗದು. ಅಲ್ಲಿಂದ ಬರುವ ಉಷ್ಣತೆ, ವೋಲ್ಟೇಜುಗಳ ಅಳತೆಗಳನ್ನು ನೋಡಿಯೇ ಅದರ ಆರೋಗ್ಯ ತಿಳಿಯಬೇಕು. ನಿಮ್ಮ ಮೇಜಿನ ಮೇಲಿನ ಗಣಕಕ್ಕೂ ಇಂಥದೊಂದು ಪುಸ್ತಕ ತೆರೆಯಿರಿ. ಕೊಂಡ ದಿನ, ಮಾದರಿ ಮತ್ತು ಕ್ರಮಸಂಖ್ಯೆ, ತೊಂದರೆ ಕಂಡ ದಿನ ಮತ್ತು ಸಮಯ, ಆಗ ನಡೆಯುತ್ತಿದ್ದ ಕೆಲಸ, ಯಂತ್ರ ಎಷ್ಟು ಹೊತ್ತಿನಿಂದ ಬಿಸಿಯಾಗಿತ್ತು, ಪರದೆಯ ಫೋಟೋ, ಕರೆ ಮಾಡಿದಾಗ ಕೊಟ್ಟ ದೂರಿನ ಸಂಖ್ಯೆ, ತಂತ್ರಜ್ಞ ಬರೆದುಕೊಟ್ಟ ಕಾರಣ ಇಷ್ಟು ಸಾಕು. ವಿಂಡೋಸ್‌ನ ಇವೆಂಟ್ ವ್ಯೂವರ್ ತಾನಾಗಿಯೇ ಇಟ್ಟ ದಿನಚರಿಯನ್ನೂ ಪ್ರತಿ ಮಾಡಿಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಯೋಜನಾ ಕಾರ್ಯವೂ ಆದೀತು. ಯಂತ್ರವನ್ನು ಕೊಡುವ ಮೊದಲು ನಿಮ್ಮ ಕಡತಗಳ ಪ್ರತಿ ತೆಗೆದಿಡಿ. ಅಂಕಪಟ್ಟಿಗಳು ಅಳಿಸಿಹೋದರೆ ಯಾವ ವಾರಂಟಿಯೂ ಅವನ್ನು ಮರಳಿಸದು.

ಕಾನೂನಿನ ಬೆಂಬಲ

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ವಿಷಯದಲ್ಲಿ ಹಿಂದಿನ 1986ರ ಕಾಯ್ದೆಗಿಂತ ಮುಂದಿದೆ. ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನೂ ಅದು ಸೇವಾ ನ್ಯೂನತೆ ಎನ್ನುತ್ತದೆ. ನಮ್ಮ ಇಡೀ ವಾದದ ತಿರುಳು ಈ ಒಂದು ಮಾತಿನಲ್ಲಿದೆ! ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅರಕಲಗೂಡಿನವರು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ದೂರಿಗೆ ಎರಡು ವರ್ಷದ ಗಡುವಿದೆ. ದೋಷ ತಿಳಿಯಲು ಪ್ರಯೋಗಾಲಯ ಪರೀಕ್ಷೆ ಬೇಕೆನಿಸಿದರೆ ಆಯೋಗವೇ ಕಳುಹಿಸಬಲ್ಲದು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತೀರ್ಪಿಗೆ ಕಾಯ್ದೆ ಹೇಳುವ ಮೂರು ಅಥವಾ ಐದು ತಿಂಗಳ ಅವಧಿ ಅನೇಕ ಬಾರಿ ಮೀರುತ್ತದೆ ಎಂಬುದೂ ನಿಜ. ಆಗ ನಿಮ್ಮ ನೆನಪಿಗಿಂತ ನಿಮ್ಮ ಪುಸ್ತಕ ಹೆಚ್ಚು ಕಾಲ ಬಾಳುತ್ತದೆ.

ಕಾಯ್ದೆಯಲ್ಲಿ ಕೊರತೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಕಾನೂನಿನಂತೆ, 100 ಡಾಲರ್ ಮತ್ತು ಮೇಲ್ಪಟ್ಟ ಬೆಲೆಯ ಎಲೆಕ್ಟ್ರಾನಿಕ್ ಉಪಕರಣಗಳಿಗೆ ತಯಾರಕರು ಏಳು ವರ್ಷ ಬಿಡಿಭಾಗ, ಸಲಕರಣೆ, ದುರಸ್ತಿ ಕೈಪಿಡಿ ಒದಗಿಸಬೇಕು. ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣ ತೆರೆಯಿತು. ಅದು ಮಾಹಿತಿ ಕೊಡುತ್ತದೆ, ಕಂಪನಿಗಳನ್ನು ಕಟ್ಟಿಹಾಕುವುದಿಲ್ಲ. ಬಿಡಿಭಾಗವೂ ಕೈಪಿಡಿಯೂ ಸಿಕ್ಕರೆ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಕುಳಿತ ಕುಶಲ ತಂತ್ರಜ್ಞನೇ ಎಷ್ಟೋ ಯಂತ್ರಗಳಿಗೆ ಮರುಜೀವ ಕೊಡಬಲ್ಲ.

ಫೋನಿನಲ್ಲಿ ಉತ್ತರಿಸುವ ಹುಡುಗ ಹುಡುಗಿಯರ ಮೇಲೆ ರೇಗಿ ಫಲವಿಲ್ಲ. ಅವರು ಬರೆದುಕೊಟ್ಟದ್ದನ್ನು ಓದುತ್ತಾರೆ. ಬರೆದುಕೊಟ್ಟವರನ್ನು ಕೇಳಬೇಕಾದದ್ದು ಇಷ್ಟೆ: ಈ ಮಾದರಿಯ ಯಂತ್ರಗಳು ಎಷ್ಟು ಮಾರಿದಿರಿ, ಎಷ್ಟು ಮರಳಿ ಬಂದವು, ಯಾವ ಕಾರಣಕ್ಕೆ? ಈ ಮೂರು ಅಂಕಿಗಳನ್ನು ಪ್ರಕಟಿಸುವ ಕಂಪನಿ ಗ್ರಾಹಕನ ನಿಷ್ಠೆಗೆ ಅರ್ಹವಾದುದು. ಅಲ್ಲಿಯವರೆಗೆ ಆ ಲೆಕ್ಕವನ್ನು ನಾವೇ ಸೇರಿ ಬರೆಯಬೇಕು. ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಎಷ್ಟು ಗಣಕಗಳಿವೆ, ಎಷ್ಟು ನಡೆಯುತ್ತಿವೆ, ನಿಂತವು ಯಾವಾಗ ಏಕೆ ನಿಂತವು? ಈ ವಾರವೇ ಎಣಿಸಿ, ಪಕ್ಕದ ತಾಲ್ಲೂಕಿನ ಸಹೋದ್ಯೋಗಿಯನ್ನೂ ಕೇಳಿ.